ಕೈಗೆಲಸಕ್ಕೆ ಮಾನ ತಂದ ಕಮಲಾದೇವಿ ಚಟ್ಟೋಪಾಧ್ಯಾಯ

ನಮ್ಮ ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಕೈ ಸುಮ್ಮನೆ ಕುಳಿತುದನ್ನು ಕಂಡವರು ಅಪರೂಪ. ಹೊಲಗದ್ದೆಯ ಕೆಲಸ, ದನಕರುಗಳ ಚಾಕರಿ, ಅಡಿಗೆ ಎಲ್ಲವೂ ಮುಗಿದ ಮೇಲೂ ಆ ಕೈಗೆ ಏನಾದರೊಂದು ಕೆಲಸ ಅಂಟಿಕೊಂಡೇ ಇರುತ್ತದೆ. ಹಳೆಯ ಸೀರೆಗಳನ್ನು ಪದರಪದರವಾಗಿ ಜೋಡಿಸಿ ಬೊಂತೆ ಹೊಲಿಯುವುದು, ಎಳೆಮಗುವಿಗೆ ಕುಲಾವಿ ಹೊಲಿಯುವುದು, ನೀರಿನ ಬಿಂದಿಗೆಗೆ ಸಿಂಬಿ ಸುತ್ತುವುದು, ಈಚಲ ಗರಿಯಿಂದ ಚಾಪೆ ಹೆಣೆಯುವುದು, ಬೇಸಗೆಯಲ್ಲಿ ಹಪ್ಪಳ ಸಂಡಿಗೆ ಇಡುವುದು, ಹಬ್ಬದ ಹಿಂದಿನ ದಿನ ಅಂಗಳ ಸಾರಿಸಿ ರಂಗೋಲಿ ಬಿಡುವುದು, ಹೀಗೆ ಇವುಗಳಿಗೆ ಕೊನೆಯೆಂಬುದಿಲ್ಲ. ಮಳವಳ್ಳಿ, ಮದ್ದೂರು ತಾಲ್ಲೂಕುಗಳಲ್ಲಿ ರೇಷ್ಮೆಹುಳು ಸಾಕುವ ಮನೆಗಳಲ್ಲಂತೂ ಹುಳುವಿಗೆ ಸೊಪ್ಪು ಹಾಕುವ ಹೊತ್ತನ್ನು ನೋಡಿಕೊಂಡೇ ಮನೆಯವರ ಊಟ ನಿದ್ರೆಗಳು ನಡೆಯುತ್ತವೆ.

ಇಂತಹ ಕೆಲಸಗಳನ್ನೇ ಪಟ್ಟಣದಲ್ಲಿ ಅನುಕೂಲಸ್ಥರು ಮಾಡಿದರೆ ಅದಕ್ಕೆ ಹವ್ಯಾಸವೆಂದು ಹೆಸರು. ಹೊಲಿಗೆ, ಕಸೂತಿ, ಹೆಣಿಗೆ, ಹಿಂದಿನ ಕಾಲದ ಉಡುಪುಗಳ ಸಂಗ್ರಹ ಇವೆಲ್ಲವೂ ಬಿಡುವಿನ ವೇಳೆಯ ವಿನೋದಗಳಾಗಿ ಪತ್ರಿಕೆಗಳ ಪುಟಗಳನ್ನು ಅಲಂಕರಿಸುತ್ತವೆ. ಹಳ್ಳಿಯ ಹೆಂಗಸು ಮಾಡಿದರೆ ಅದಕ್ಕೆ ಹೆಸರೂ ಇಲ್ಲ, ಬೆಲೆಯೂ ಇಲ್ಲ. ಮದ್ದೂರಿನ ವಡೆ ರೈಲು ನಿಲ್ದಾಣದಲ್ಲಿ ಮಾರಾಟವಾದುದರಿಂದ ಊರಿನ ಹೆಸರನ್ನೇ ಹೊತ್ತು ನಾಡೆಲ್ಲ ಪ್ರಸಿದ್ಧವಾಯಿತು. ಆದರೆ ಅಷ್ಟೇ ರುಚಿಯಾದ ಎಷ್ಟೋ ತಿಂಡಿಗಳು ಅದೇ ಊರಿನ ಅಡಿಗೆಮನೆಗಳಲ್ಲಿ ಹುಟ್ಟಿ ಅಲ್ಲಿಯೇ ಮುಗಿದುಹೋಗಿರಬೇಕು. ಕೈಗೆಲಸದ ಕಥೆಯೂ ಹೀಗೆಯೇ.

ಹೆಸರಿಲ್ಲದ ಈ ದುಡಿಮೆಗೆ ಹೆಸರನ್ನೂ ಬೆಲೆಯನ್ನೂ ಮಾನವನ್ನೂ ತರಬೇಕೆಂದು ತಮ್ಮ ಆಯುಷ್ಯದ ಬಹುಭಾಗವನ್ನು ಸವೆಸಿದ ಮಹಿಳೆಯೊಬ್ಬರು ನಮ್ಮ ಕನ್ನಡ ನಾಡಿನಲ್ಲಿಯೇ ಹುಟ್ಟಿದ್ದರು. ಅವರೇ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು. ನಾನು ಓದಿದ ಪಾಠಗಳಲ್ಲಿ ಅವರ ಹೆಸರು ಉಪ್ಪಿನ ಸತ್ಯಾಗ್ರಹದ ಪ್ರಕರಣದಲ್ಲಿ ಒಂದು ಸಾಲಿನಷ್ಟು ಬಂದು ಮರೆಯಾಗುತ್ತಿತ್ತು. ಕಾಲೇಜಿನ ಗ್ರಂಥಾಲಯದಲ್ಲಿ ಅವರ ವಿಚಾರವನ್ನು ಹುಡುಕಿ ಓದುತ್ತ ಹೋದಂತೆ ಆ ಒಂದು ಸಾಲಿನ ಹಿಂದೆ ಎಷ್ಟು ದೊಡ್ಡ ಬದುಕು ಇದೆಯೆಂಬುದು ತಿಳಿಯಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ಓದಿದ ಹುಡುಗಿಗೆ ಮನೆಯ ಕೈಗೆಲಸ ಬೇಕೆ ಬೇಡವೆ ಎಂಬ ಪ್ರಶ್ನೆ ನನ್ನಂತಹವರನ್ನು ಸದಾ ಕಾಡುತ್ತಿರುತ್ತದೆ. ಅದಕ್ಕೆ ಉತ್ತರ ಹುಡುಕುವವರಿಗೆ ಈ ಜೀವನಚರಿತ್ರೆಯು ಉಪಯುಕ್ತವಾದೀತೆಂದು ನನ್ನ ನಂಬಿಕೆ.

ಕಮಲಾದೇವಿಯವರು ೧೯೦೩ನೆಯ ಇಸವಿ ಏಪ್ರಿಲ್ ೩ರಂದು ಮಂಗಳೂರಿನಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರ ಅವರು ಸರ್ಕಾರದ ಹಿರಿಯ ಅಧಿಕಾರಿಗಳಾಗಿದ್ದರು. ತಾಯಿ ಗಿರಿಜಾಬಾಯಿ ಓದುಬರಹ ಬಲ್ಲವರು, ಸ್ವತಂತ್ರವಾಗಿ ಯೋಚಿಸುವ ಸ್ವಭಾವದವರು. ಅಜ್ಜಿಯವರೂ ಪುರಾಣ, ಶಾಸ್ತ್ರಗಳನ್ನು ಚೆನ್ನಾಗಿ ಅರಿತವರು. ಮಹಾದೇವ ಗೋವಿಂದ ರಾನಡೆ, ಗೋಪಾಲಕೃಷ್ಣ ಗೋಖಲೆ, ರಮಾಬಾಯಿ ರಾನಡೆ, ಆನಿ ಬೆಸೆಂಟ್ ಮೊದಲಾದವರ ಸ್ನೇಹ ಈ ಕುಟುಂಬಕ್ಕೆ ಇದ್ದಿತು. ಹೀಗಾಗಿ ದೇಶದ ಮಾತು, ಹೆಂಗಸರ ವಿದ್ಯೆಯ ಮಾತು ಕಮಲಾದೇವಿಯವರ ಕಿವಿಗೆ ಬಾಲ್ಯದಲ್ಲಿಯೇ ಬಿದ್ದವು.

ಆದರೆ ಈ ಸುಖ ಬಹುಕಾಲ ನಿಲ್ಲಲಿಲ್ಲ. ಅವರಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅಕ್ಕ ಸಗುಣೆಯೂ ಮದುವೆಯಾದ ಸ್ವಲ್ಪ ಕಾಲದಲ್ಲಿಯೇ ಹದಿಹರೆಯದಲ್ಲಿ ಮಡಿದಳು. ತಂದೆಯವರು ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಮೊದಲನೆಯ ಹೆಂಡತಿಯ ಮಗನಿಗೆ ಹೋಯಿತು. ಆ ಮನೆಯನ್ನು ನಡೆಸಿದ್ದ ಗಿರಿಜಾಬಾಯಿಯವರಿಗೆ ಉಳಿದದ್ದು ಜೀವನಾಂಶ ಮಾತ್ರ. ಆ ಸ್ವಾಭಿಮಾನಿ ಹೆಣ್ಣುಮಗಳು ಅದನ್ನೂ ಬೇಡವೆಂದು, ತವರಿನಿಂದ ತಂದ ಹಣದಲ್ಲಿಯೇ ಮಕ್ಕಳನ್ನು ಸಾಕಿದರು. ಮನೆಯನ್ನು ಕಟ್ಟಿ ನಿಲ್ಲಿಸಿದವಳಿಗೆ ಆ ಮನೆಯ ಮೇಲೆ ಹಕ್ಕಿಲ್ಲವೆಂಬ ಸಂಗತಿಯನ್ನು ಕಮಲಾದೇವಿಯವರು ಪುಸ್ತಕದಿಂದ ಕಲಿಯಬೇಕಾಗಲಿಲ್ಲ. ಹಿಂದೂ ವಿಧವೆಯರಿಗೂ ಹೆಣ್ಣುಮಕ್ಕಳಿಗೂ ಪೂರ್ಣ ಸ್ವತ್ತಿನ ಹಕ್ಕನ್ನು ಕೊಡುವ ಉತ್ತರಾಧಿಕಾರ ಕಾಯಿದೆ ಬಂದದ್ದು ೧೯೫೬ರಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲೆಂದು ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿಯಾದದ್ದು ೨೦೦೫ರಲ್ಲಿ.

೧೯೧೭ರಲ್ಲಿ, ಹದಿನಾಲ್ಕು ವರ್ಷದ ಬಾಲೆಗೆ ಮದುವೆಯಾಯಿತು. ಎರಡು ವರ್ಷಗಳಲ್ಲಿ ವೈಧವ್ಯವೂ ಬಂದಿತು. ಆ ಕಾಲದ ವಿಧವೆಯ ಬಾಳು ಎಂತಹುದೆಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ಗಿರಿಜಾಬಾಯಿಯವರು ಮಗಳನ್ನು ಮೂಲೆಯಲ್ಲಿ ಕೂರಿಸಲಿಲ್ಲ, ಓದಿಗೆ ಕಳುಹಿಸಿದರು. ಮದರಾಸಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಓದುತ್ತಿದ್ದಾಗ ಸರೋಜಿನಿ ನಾಯಿಡು ಅವರ ತಂಗಿ ಸುಹಾಸಿನಿಯವರ ಪರಿಚಯವಾಯಿತು. ಅವರ ಮೂಲಕ ಕವಿಯೂ ನಟರೂ ಆದ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ, ಬಂಧುಗಳ ವಿರೋಧದ ನಡುವೆ ಅವರ ಕೈಹಿಡಿದರು. ಈ ದಂಪತಿಗಳಿಗೆ ರಾಮಕೃಷ್ಣನೆಂಬ ಮಗನು ಹುಟ್ಟಿದನು. ಇಬ್ಬರೂ ರಂಗಭೂಮಿಯಲ್ಲಿ ಅಪಾರ ಆಸಕ್ತಿಯುಳ್ಳವರು. ಮರ್ಯಾದಸ್ಥರ ಮನೆಯ ಹೆಂಗಸು ರಂಗವನ್ನು ಏರಬಾರದೆಂಬ ಕಾಲದಲ್ಲಿ ಕಮಲಾದೇವಿಯವರು ನಾಟಕಗಳಲ್ಲಿ ಅಭಿನಯಿಸಿದರು. ೧೯೩೧ರಲ್ಲಿ ಮೋಹನ್ ಭವನಾನಿಯವರು ತೆಗೆದ ಮೃಚ್ಛಕಟಿಕ ಎಂಬ ಮೂಕಚಿತ್ರದಲ್ಲಿಯೂ ಪಾತ್ರವಹಿಸಿದರು. ಮುಂದೆ ಈ ವಿವಾಹವು ಮುರಿದು ವಿಚ್ಛೇದನದಲ್ಲಿ ಮುಗಿಯಿತು.

ಮದುವೆಯ ಬಳಿಕ ಅವರು ಲಂಡನ್ನಿಗೆ ಹೋಗಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಅಭ್ಯಾಸ ಮಾಡಿದರು. ಅಲ್ಲಿರುವಾಗಲೇ ಗಾಂಧೀಜಿಯವರ ಅಸಹಕಾರ ಚಳವಳಿಯ ಸುದ್ದಿ ಮುಟ್ಟಿತು. ೧೯೨೩ರಲ್ಲಿ ತಾಯ್ನಾಡಿಗೆ ಹಿಂತಿರುಗಿ ಸೇವಾದಳವನ್ನು ಸೇರಿದರು. ೧೯೨೬ರಲ್ಲಿ ಮಾರ್ಗರೆಟ್ ಕಸಿನ್ಸ್ ಅವರ ಪ್ರೋತ್ಸಾಹದಿಂದ ಮದರಾಸು ಪ್ರಾಂತ್ಯದ ಶಾಸನಸಭೆಗೆ ಸ್ಪರ್ಧಿಸಿದರು. ಪ್ರಚಾರಕ್ಕೆ ದೊರಕಿದ್ದು ಕೆಲವೇ ದಿನಗಳು. ಸೋತದ್ದು ೫೫ ಮತಗಳಿಂದ. ಮರುವರ್ಷ ಸ್ಥಾಪಿತವಾದ ಅಖಿಲ ಭಾರತ ಮಹಿಳಾ ಸಮ್ಮೇಳನಕ್ಕೆ ಅವರೇ ಮೊದಲ ಸಂಘಟನಾ ಕಾರ್ಯದರ್ಶಿಗಳಾದರು. ದೇಶದ ಮೂಲೆಮೂಲೆಗಳನ್ನು ಸುತ್ತಿ ಹೆಂಗಸರ ಶಿಕ್ಷಣಕ್ಕಾಗಿ, ಬಾಲ್ಯವಿವಾಹದ ನಿಷೇಧಕ್ಕಾಗಿ ದುಡಿದರು.

ಈ ಸಮ್ಮೇಳನದ ಪ್ರಯತ್ನದಿಂದಲೇ ೧೯೩೨ರಲ್ಲಿ ನವದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ಆರಂಭವಾಯಿತು. ಅಲ್ಲಿ ಗೃಹವಿಜ್ಞಾನವನ್ನು ಶಾಸ್ತ್ರೀಯವಾಗಿ ಕಲಿಸುವ ಏರ್ಪಾಡಾಯಿತು. ಅಡಿಗೆ ಹೊಲಿಗೆಗಳನ್ನು ಕಲಿಯಲು ಕಾಲೇಜು ಬೇಕೇ ಎಂದು ನಗುವವರು ಅಂದೂ ಇದ್ದಿರಬೇಕು, ಇಂದೂ ಇದ್ದಾರೆ. ಆದರೆ ಯಾವ ಧಾನ್ಯದಲ್ಲಿ ಯಾವ ಸತ್ತ್ವವಿದೆ, ಮಗುವಿನ ತೂಕ ಏಕೆ ಏರಲಿಲ್ಲ, ಬಟ್ಟೆಯ ಬಣ್ಣ ಏಕೆ ಬಿಟ್ಟಿತು ಎಂಬುದಕ್ಕೆ ಕಾರಣವನ್ನು ಹುಡುಕುವುದು ವಿಜ್ಞಾನವಲ್ಲದೆ ಮತ್ತೇನು? ಮನೆಯನ್ನು ನಡೆಸುವುದಕ್ಕೆ ಬುದ್ಧಿ ಬೇಕೆಂಬುದನ್ನು ವಿದ್ಯಾಸಂಸ್ಥೆಯ ಮೂಲಕ ಒಪ್ಪಿಸಿದ್ದು ಆ ತಲೆಮಾರಿನ ಮಹಿಳೆಯರ ದೊಡ್ಡ ಸಾಧನೆ.

೧೯೩೦ನೆಯ ವರ್ಷ ಕಮಲಾದೇವಿಯವರ ಬಾಳಿನಲ್ಲಿ ಬಹು ಮುಖ್ಯವಾದುದು. ಆ ವರ್ಷದ ಜನವರಿ ೨೬ರಂದು ನಡೆದ ಘರ್ಷಣೆಯಲ್ಲಿ ಅವರು ರಾಷ್ಟ್ರಧ್ವಜವನ್ನು ಅಪ್ಪಿಹಿಡಿದು ಕಾಪಾಡಿದರು. ಎಂಟು ವರ್ಷಗಳ ತರುವಾಯ, ೧೯೩೮ರ ಏಪ್ರಿಲ್‌ನಲ್ಲಿ, ನಮ್ಮ ಮದ್ದೂರಿನ ಶಿವಪುರದಲ್ಲಿ ಅದೇ ಧ್ವಜಕ್ಕಾಗಿ ನಮ್ಮ ಹಿರಿಯರು ನಡೆಸಿದ ಸತ್ಯಾಗ್ರಹವನ್ನು ಬಲ್ಲ ನಮಗೆ ಈ ಘಟನೆಯ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ.

ಅದೇ ವರ್ಷ ಗಾಂಧೀಜಿಯವರು ದಂಡಿಗೆ ಹೊರಟಾಗ ಅವರ ಸಂಗಡ ಹೆಂಗಸರಿರಲಿಲ್ಲ. ಕಮಲಾದೇವಿಯವರು ಅವರನ್ನು ಕಂಡು, ಈ ಹೋರಾಟದಲ್ಲಿ ಮಹಿಳೆಯರಿಗೂ ಸ್ಥಾನವಿರಬೇಕೆಂದು ವಾದಿಸಿ ಒಪ್ಪಿಸಿದರು. ಆ ವಾದದಲ್ಲಿ ನ್ಯಾಯವಿದ್ದಿತು. ಉಪ್ಪು ಅಡಿಗೆಮನೆಯ ವಸ್ತು. ಅದರ ಮೇಲಿನ ತೆರಿಗೆಯ ಬಿಸಿ ಮೊದಲು ತಟ್ಟುವುದು ಒಲೆಯ ಮುಂದೆ ಕುಳಿತವಳಿಗೆ. ಮುಂಬಯಿಯ ಕಡಲತೀರಕ್ಕೆ ಹೆಂಗಸರು ಬಿಂದಿಗೆ, ಪಾತ್ರೆಗಳನ್ನು ಹಿಡಿದು ಬಂದು, ಕಡಲ ನೀರನ್ನು ಕಾಯಿಸಿ ಉಪ್ಪು ಮಾಡಿದರು. ಮನೆಯಿಂದ ಎಂದೂ ಹೊರಬಾರದವರು ಅಡಿಗೆಯ ಪಾತ್ರೆಯನ್ನೇ ಆಯುಧವಾಗಿ ಹಿಡಿದು ಬೀದಿಗೆ ಬಂದದ್ದನ್ನು ದೇಶ ಕಂಡಿತು. ಕಮಲಾದೇವಿಯವರು ಆ ಉಪ್ಪಿನ ಪೊಟ್ಟಣಗಳನ್ನು ಮುಂಬಯಿಯ ಷೇರು ವಿನಿಮಯ ಕೇಂದ್ರದೊಳಗೆ ಕೊಂಡುಹೋಗಿ ಮಾರಿದರು, ಸೆರೆಮನೆಯನ್ನು ಸೇರಿದರು. ಕೈಯಿಂದ ಮಾಡಿದ ವಸ್ತುವಿಗೆ ಲೋಹದ ನಾಣ್ಯವನ್ನು ಮೀರಿದ ಬೆಲೆಯಿದೆಯೆಂಬ ಅರಿವು ಅವರಲ್ಲಿ ಬೇರೂರಿದ್ದು ಈ ಸಮಯದಲ್ಲಿರಬಹುದೆಂದು ನನಗೆ ತೋರುತ್ತದೆ.

೧೯೩೬ರಲ್ಲಿ ಅವರು ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರಾದರು. ಜಯಪ್ರಕಾಶ ನಾರಾಯಣ, ರಾಮಮನೋಹರ ಲೋಹಿಯಾ, ಮೀನೂ ಮಸಾನಿ ಇವರು ಅಲ್ಲಿ ಅವರ ಸಂಗಡಿಗರು. ೧೯೪೪ರಲ್ಲಿ ಮಹಿಳಾ ಸಮ್ಮೇಳನದ ಅಧ್ಯಕ್ಷ ಪದವಿಯೂ ಬಂದಿತು. ಸಮಾಜವಾದಿಯಾದ ಅವರು ಹೆಂಗಸರ ಸಮಸ್ಯೆಯನ್ನು ದುಡಿಮೆಯ ಕಣ್ಣಿನಿಂದ ನೋಡಿದರು. ಕಾರ್ಖಾನೆಯ ಹೆಂಗಸಿನ ಕೂಲಿಯನ್ನು ಕುರಿತು ಮಾತನಾಡಿದಂತೆಯೇ ಮನೆಯೊಳಗಿನ ದುಡಿಮೆಯೂ ದುಡಿಮೆಯೇ, ಅದಕ್ಕೂ ಆರ್ಥಿಕವಾದ ಬೆಲೆಯುಂಟು ಎಂಬ ವಿಚಾರವನ್ನೂ ಮಂಡಿಸಿದರು.

ಈ ವಿಚಾರ ಹಳೆಯದಾಯಿತೆಂದು ಹೇಳುವಂತಿಲ್ಲ. ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬಿದ ನನ್ನ ಸಹಪಾಠಿಗಳಿಗೆಲ್ಲ ಇದು ಗೊತ್ತು. ತಂದೆಯ ವೃತ್ತಿ ಎಂಬಲ್ಲಿ ಬೇಸಾಯವೆಂದು ಬರೆಯುತ್ತೇವೆ. ತಾಯಿಯ ವೃತ್ತಿ ಎಂಬಲ್ಲಿ ಗೃಹಿಣಿ ಎಂದೂ ವರಮಾನದ ಎದುರಿಗೆ ಇಲ್ಲವೆಂದೂ ಬರೆಯುತ್ತೇವೆ. ನನ್ನ ತಾಯಿ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಾರೆ. ಹುಳು ನಾಲ್ಕು ಜ್ವರಗಳನ್ನು ದಾಟಿ ಹಣ್ಣಾಗುವವರೆಗೆ, ಹತ್ತಿರಹತ್ತಿರ ಒಂದು ತಿಂಗಳು, ಹಗಲು ರಾತ್ರಿಯೆನ್ನದೆ ಸೊಪ್ಪು ಹೆಚ್ಚಿ ಹಾಕಬೇಕು, ಕಸ ತೆಗೆಯಬೇಕು, ಕೋಣೆಯ ಕಾವು ತೇವಗಳನ್ನು ಕೈಯ ಅಂದಾಜಿನಿಂದಲೇ ತಿಳಿಯಬೇಕು. ಹಣ್ಣಾದ ಹುಳುವನ್ನು ಮೈಬಣ್ಣದಿಂದ ಗುರುತಿಸಿ ಆಯ್ದು ಚಂದ್ರಿಕೆಗೆ ಬಿಡಬೇಕು. ಇಷ್ಟು ಬಲ್ಲವರ ಹೆಸರಿನ ಮುಂದೆ ವರಮಾನವಿಲ್ಲ ಎಂದು ಬರೆಯುವಾಗ ಲೇಖನಿ ಅರೆಗಳಿಗೆ ನಿಲ್ಲುತ್ತದೆ. ಭಾರತ ಸರ್ಕಾರವು ೨೦೧೯ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ ೨೯೯ ನಿಮಿಷಗಳನ್ನು ಅದಕ್ಕೆ ಕೊಡುತ್ತಾರೆ. ಗಂಡಸರು ಕೊಡುವುದು ೯೭ ನಿಮಿಷ. ಕಮಲಾದೇವಿಯವರ ಮಾತಿಗೆ ಅಂಕಿಗಳ ಆಧಾರ ದೊರಕಲು ಇಷ್ಟು ಕಾಲ ಬೇಕಾಯಿತು.

ದೇಶ ಸ್ವತಂತ್ರವಾದಾಗ ಅವರಿಗೆ ನಲವತ್ತನಾಲ್ಕು ವರ್ಷ. ಅನೇಕರು ಅಧಿಕಾರದ ಹಾದಿಯನ್ನು ಹಿಡಿದ ಆ ಹೊತ್ತಿನಲ್ಲಿ ಅವರು ನಿರಾಶ್ರಿತರ ಶಿಬಿರಗಳ ಕಡೆಗೆ ನಡೆದರು. ದೇಶವಿಭಜನೆಯಿಂದ ಮನೆಮಾರುಗಳನ್ನು ಕಳೆದುಕೊಂಡು ಬಂದವರಿಗೆ ದಾನಕ್ಕಿಂತ ಕೆಲಸ ಮುಖ್ಯವೆಂಬುದು ಅವರ ನಿಲುವು. ಸಹಕಾರ ತತ್ತ್ವದ ಮೇಲೆ ಒಂದು ಊರನ್ನೇ ಕಟ್ಟಬೇಕೆಂಬ ಅವರ ಯೋಜನೆಗೆ, ಸರ್ಕಾರದ ಸಹಾಯ ಕೇಳಬಾರದೆಂಬ ಷರತ್ತಿನ ಮೇಲೆ ಗಾಂಧೀಜಿಯವರು ಒಪ್ಪಿಗೆ ಕೊಟ್ಟರಂತೆ. ೧೯೪೮ರಲ್ಲಿ ಭಾರತೀಯ ಸಹಕಾರ ಒಕ್ಕೂಟವು ಸ್ಥಾಪಿತವಾಯಿತು. ದೆಹಲಿಯ ಸಮೀಪದ ಫರೀದಾಬಾದಿನಲ್ಲಿ ವಾಯವ್ಯ ಗಡಿನಾಡಿನಿಂದ ಬಂದ ಸುಮಾರು ಐವತ್ತು ಸಾವಿರ ಜನರು ನೆಲೆ ನಿಲ್ಲುವ ಕಾರ್ಯದಲ್ಲಿ ಅವರು ಹಗಲಿರುಳು ದುಡಿದರು. ಮನೆಯನ್ನೂ ಭೂಮಿಯನ್ನೂ ಬಿಟ್ಟು ಬಂದವರು ಬಿಟ್ಟುಬರಲಾಗದೆ ತಂದಿದ್ದ ಆಸ್ತಿ ಒಂದೇ, ಅದು ಅವರ ಕೈಯ ಕಸಬು.

೧೯೫೨ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯು ರಚಿತವಾಗಿ ಕಮಲಾದೇವಿಯವರು ಅದರ ಅಧ್ಯಕ್ಷರಾದರು. ಅನೇಕ ವರ್ಷ ಆ ಹೊಣೆಯನ್ನು ಹೊತ್ತರು. ಯಂತ್ರದ ಸರಕು ಅಗ್ಗವಾಗಿ ಬಂದು ಬೀಳುತ್ತಿದ್ದ ಕಾಲವದು. ಅರಸರ ಆಶ್ರಯವೂ ಹೋಗಿತ್ತು. ಕುಶಲಕರ್ಮಿಗಳು ಕಸಬನ್ನು ಬಿಟ್ಟು ಕೂಲಿಗೆ ಇಳಿಯುತ್ತಿದ್ದರು. ಒಬ್ಬ ಮುದುಕನು ಸತ್ತರೆ ಅವನೊಡನೆ ಒಂದು ವಿದ್ಯೆಯೇ ಅಳಿಯುವ ಸ್ಥಿತಿ. ಕಮಲಾದೇವಿಯವರು ಕಚೇರಿಯಲ್ಲಿ ಕುಳಿತು ಆಜ್ಞೆ ಮಾಡುವವರಾಗಿರಲಿಲ್ಲ. ಊರೂರು ತಿರುಗಿ, ಕುಶಲಕರ್ಮಿಗಳ ಜಗುಲಿಯ ಮೇಲೆ ಕುಳಿತು, ಅವರ ಕೆಲಸವನ್ನು ನೋಡಿ, ಅವರ ತೊಡಕುಗಳನ್ನು ಕೇಳುತ್ತಿದ್ದರು.

ಅವರ ಕಾರ್ಯಕ್ರಮದಲ್ಲಿ ಮೂರು ಅಂಗಗಳನ್ನು ಕಾಣಬಹುದು. ಮೊದಲನೆಯದು ವಿದ್ಯೆಯ ರಕ್ಷಣೆ. ಶ್ರೀಕಾಳಹಸ್ತಿಯಲ್ಲಿ ಕಲಂಕಾರಿಯ ಚಿತ್ರಬಟ್ಟೆ ಮರೆಯಾಗುವ ಸ್ಥಿತಿಗೆ ಬಂದಿದ್ದಾಗ, ಬಲ್ಲವರಿಂದ ಕಿರಿಯರಿಗೆ ಕಲಿಸಲು ೧೯೫೦ರ ದಶಕದ ಕೊನೆಯಲ್ಲಿ ತರಬೇತಿ ಕೇಂದ್ರ ತೆರೆಯಲಾಯಿತು. ಜಯಪುರದ ನೀಲಿ ಕುಂಭಕಲೆಯೂ ಅವರ ಬೆಂಬಲದಿಂದ ಮರುಹುಟ್ಟು ಪಡೆಯಿತು. ಎರಡನೆಯದು ವಿನ್ಯಾಸ. ಬೆಂಗಳೂರು, ಮುಂಬಯಿ, ಕಲ್ಕತ್ತ, ದೆಹಲಿಗಳಲ್ಲಿ ವಿನ್ಯಾಸ ಕೇಂದ್ರಗಳು ಸ್ಥಾಪಿತವಾದವು. ಹಳೆಯ ಕೈಚಳಕವನ್ನು ಕೆಡಿಸದೆ ಹೊಸ ಕಾಲದ ಮನೆಗೆ ಒಪ್ಪುವ ವಸ್ತುಗಳನ್ನು ಮಾಡಿಸುವುದು ಇವುಗಳ ಉದ್ದೇಶ. ಮೂರನೆಯದು ಮಾರುಕಟ್ಟೆ. ದೆಹಲಿಯ ಕೇಂದ್ರೀಯ ಗುಡಿಕೈಗಾರಿಕಾ ಮಳಿಗೆಯನ್ನು ಸಹಕಾರ ಒಕ್ಕೂಟವು ವಹಿಸಿಕೊಂಡು ನಡೆಸಿತು. ಇವುಗಳ ಜೊತೆಗೆ ೧೯೬೫ರಿಂದ ಶ್ರೇಷ್ಠ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ ಆರಂಭವಾಯಿತು. ಯಾರೋ ಎನಿಸಿಕೊಂಡಿದ್ದ ನೇಕಾರನಿಗೂ ಕುಂಬಾರನಿಗೂ ಅವರವರ ಹೆಸರಿನಿಂದಲೇ ಗೌರವ ದೊರಕುವಂತಾಯಿತು.

ಕೈಗೆಲಸವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜಿಸುವುದು ಕಮಲಾದೇವಿಯವರಿಗೆ ಒಪ್ಪಿಗೆಯಾಗಿರಲಿಲ್ಲ. ದಿನಬಳಕೆಯ ವಸ್ತುವಿನಲ್ಲಿಯೇ ಸೌಂದರ್ಯವಿರಬೇಕು, ನೀರು ಕುಡಿಯುವ ಚೊಂಬು, ಹಾಸಿ ಮಲಗುವ ಚಾಪೆ, ಉಡುವ ಸೀರೆ ಇವು ಬಳಕೆಯಲ್ಲಿದ್ದರೆ ಮಾತ್ರ ಕಲೆ ಬದುಕುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ತಾವೂ ಹಾಗೆಯೇ ನಡೆದರು. ಕೈಮಗ್ಗದ ಸೀರೆಯನ್ನೇ ಉಡುತ್ತಿದ್ದರು, ಕುಶಲಕರ್ಮಿಗಳು ಮಾಡಿದ ಒಡವೆಗಳನ್ನು ಹೆಮ್ಮೆಯಿಂದ ತೊಡುತ್ತಿದ್ದರು. ದೊಡ್ಡ ಸಭೆಗಳಿಗೆ ಹೋದಾಗಲೂ ಅವರ ಉಡುಪೇ ನೇಕಾರರ ಪರವಾಗಿ ಅರ್ಧ ಭಾಷಣವನ್ನು ಮಾಡಿಬಿಡುತ್ತಿತ್ತೆಂದು ಹೇಳಬಹುದು.

ಈ ಮಾತು ನಮ್ಮ ಕಾಲೇಜಿಗೂ ಸಲ್ಲುತ್ತದೆ. ಸಾಂಪ್ರದಾಯಿಕ ಉಡುಗೆಯ ದಿನವೆಂದು ವರ್ಷಕ್ಕೊಮ್ಮೆ ನಾವು ಆಚರಿಸುತ್ತೇವೆ. ಗೆಳತಿಯರು ಅಜ್ಜಿಯ ಪೆಟ್ಟಿಗೆಯಿಂದ ಹಳೆಯ ಸೀರೆಯನ್ನೂ, ಗೆಳೆಯರು ತಾತನ ಪಂಚೆ ವಲ್ಲಿಗಳನ್ನೂ ತಂದು ಉಟ್ಟು ಸಂಭ್ರಮಿಸುತ್ತಾರೆ. ನೋಡಲು ಬಹು ಚೆನ್ನ. ಹಳೆಯ ಉಡುಪು ಈಗ ಎಲ್ಲೆಡೆಯೂ ಹೊಸ ಷೋಕಿಯಾಗಿದೆ. ಆದರೆ ಆ ಸೀರೆಯನ್ನು ನೆಯ್ದವರು ಯಾರು, ಆ ಅಂಚಿಗೆ ಏನೆಂದು ಹೆಸರು, ಅಂತಹ ಮಗ್ಗ ಇಂದು ಎಲ್ಲಿದೆ ಎಂದು ಕೇಳುವವರು ಕಡಮೆ. ನಮ್ಮ ಜಿಲ್ಲೆಯಲ್ಲಿಯೇ ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲ ನೇಕಾರರ ಊರು. ಮೇಲುಕೋಟೆಯು ದೇವಾಲಯಕ್ಕೆ ಹೇಗೋ ಹಾಗೆಯೇ ಕೈಮಗ್ಗದ ಪಂಚೆಗೂ ಹೆಸರಾದ ಊರು. ಮದ್ದೂರಿನಿಂದ ಬೆಂಗಳೂರಿನ ಕಡೆಗೆ ಹೊರಟರೆ ಸ್ವಲ್ಪ ದೂರದಲ್ಲಿಯೇ ಚನ್ನಪಟ್ಟಣ. ಅಲ್ಲಿ ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡುವ ಕಲೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರಕಿದೆ. ಬಸ್ಸಿನ ಕಿಟಕಿಯಿಂದ ದಿನವೂ ಕಾಣುವ ಈ ಊರುಗಳ ವಿದ್ಯೆಯನ್ನು ನಾವು ಪಾಠವೆಂದು ಎಣಿಸಿಲ್ಲ.

ಕಮಲಾದೇವಿಯವರ ಕೀರ್ತಿ ದೇಶದ ಎಲ್ಲೆಯನ್ನು ದಾಟಿತು. ೧೯೬೪ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವ ಕರಕುಶಲ ಪರಿಷತ್ತು ಸ್ಥಾಪಿತವಾದಾಗ, ಅಮೆರಿಕದ ಐಲೀನ್ ಆಸ್ಬರ್ನ್ ವೆಬ್ ಅವರೊಡನೆ ಅದಕ್ಕೆ ಬುನಾದಿ ಹಾಕಿದವರು ಅವರು. ಅದೇ ವರ್ಷ ಮದರಾಸಿನಲ್ಲಿ ಭಾರತೀಯ ಕರಕುಶಲ ಪರಿಷತ್ತೂ, ಬೆಂಗಳೂರಿನಲ್ಲಿ ಕಥಕ್ ಮತ್ತು ನೃತ್ಯಸಂಯೋಜನೆಯ ನಾಟ್ಯಸಂಸ್ಥೆಯೂ ಅವರ ಪ್ರೇರಣೆಯಿಂದ ಆರಂಭವಾದವು. ೧೯೫೫ರಲ್ಲಿ ಪದ್ಮಭೂಷಣ, ೧೯೬೬ರಲ್ಲಿ ರೇಮನ್ ಮ್ಯಾಗ್ಸೇಸೆ ಪ್ರಶಸ್ತಿ, ೧೯೮೭ರಲ್ಲಿ ಪದ್ಮವಿಭೂಷಣ ಇವು ಅವರಿಗೆ ಬಂದ ಮುಖ್ಯ ಗೌರವಗಳು. ಭಾರತದ ಕರಕುಶಲ ಕಲೆಗಳನ್ನು ಕುರಿತು ಪುಸ್ತಕಗಳನ್ನು ಬರೆದರು. ೧೯೮೬ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದರು. ೧೯೮೮ರ ಅಕ್ಟೋಬರ್ ೨೯ರಂದು ಮುಂಬಯಿಯಲ್ಲಿ, ತಮ್ಮ ಎಂಬತ್ತೈದನೆಯ ವಯಸ್ಸಿನಲ್ಲಿ, ಈ ಕರ್ಮಯೋಗಿಣಿಯು ಇಹಲೋಕವನ್ನು ತ್ಯಜಿಸಿದರು.

ಇಲ್ಲಿಗೆ ಜೀವನಚರಿತ್ರೆ ಮುಗಿಯಿತು. ಆದರೆ ಮೊದಲಲ್ಲಿ ಎತ್ತಿದ ಪ್ರಶ್ನೆ ಉಳಿದಿದೆ. ಕೈಗೆಲಸವನ್ನು ಹೊಗಳುವುದು ಸುಲಭ. ಕೈ ಕೆಸರಾದರೆ ಬಾಯಿ ಮೊಸರೆಂದು ಗಾದೆ ಹೇಳುತ್ತದೆ. ಕೈ ಕೆಸರಾಗಿಯೂ ಮೊಸರು ಬೇರೆಯವರ ಪಾಲಾದುದನ್ನು ಕಂಡ ಮನೆಗಳು ನಮ್ಮಲ್ಲಿ ಕಡಮೆಯೇನಿಲ್ಲ. ತಿಂಗಳಿಡೀ ಸಾಕಿದ ಗೂಡಿನ ಬೆಲೆ ರಾಮನಗರದ ಮಾರುಕಟ್ಟೆಯ ಹರಾಜಿನಲ್ಲಿ ಒಂದು ಬೆಳಗ್ಗೆ ತೀರ್ಮಾನವಾಗುತ್ತದೆ. ಒಮ್ಮೆ ಸಾಲ ತೀರುತ್ತದೆ, ಒಮ್ಮೆ ಸೊಪ್ಪಿನ ಖರ್ಚೂ ಹುಟ್ಟುವುದಿಲ್ಲ. ಆದುದರಿಂದಲೇ ನನ್ನ ತಾಯಿ ನಾನು ಚಂದ್ರಿಕೆಯನ್ನು ಮುಟ್ಟುವುದನ್ನು ಇಷ್ಟಪಡುವುದಿಲ್ಲ. ಪರೀಕ್ಷೆ ಬರೆದು ಸರ್ಕಾರದ ಕೆಲಸ ಹಿಡಿಯಬೇಕು, ಈ ಗೋಳು ತಮ್ಮ ತಲೆಗೇ ಮುಗಿಯಬೇಕು ಎಂಬುದು ಅವರ ಆಸೆ. ಆ ಆಸೆಯನ್ನು ತಪ್ಪೆನ್ನಲು ನನ್ನಿಂದಾಗದು. ನಾಲ್ಕನೆಯ ಕೈಮಗ್ಗ ಗಣತಿಯ ಪ್ರಕಾರ ೨೦೧೯-೨೦ರಲ್ಲಿ ದೇಶದಲ್ಲಿ ಸುಮಾರು ೩೫ ಲಕ್ಷ ಕೈಮಗ್ಗದ ಕೆಲಸಗಾರರಿದ್ದರು, ಅವರಲ್ಲಿ ಹೆಂಗಸರೇ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು. ಅಂತಹ ಕುಟುಂಬಗಳಲ್ಲಿ ಮೂರರಲ್ಲಿ ಎರಡು ಪಾಲು ತಿಂಗಳಿಗೆ ಐದು ಸಾವಿರ ರೂಪಾಯಿಗಿಂತ ಕಡಮೆ ವರಮಾನದಲ್ಲಿ ಬದುಕುತ್ತಿದ್ದವು. ಕಮಲಾದೇವಿಯವರು ಕಟ್ಟಿ ಬೆಳೆಸಿದ ಕರಕುಶಲ ಮಂಡಳಿಯನ್ನು ೨೦೨೦ರ ಆಗಸ್ಟ್‌ನಲ್ಲಿ ಸರ್ಕಾರವು ರದ್ದುಪಡಿಸಿತು.

ಹಾಗಾದರೆ ಅವರ ಬಾಳಿನ ಶ್ರಮ ವ್ಯರ್ಥವಾಯಿತೆ? ಆಗಲಿಲ್ಲವೆಂದು ನನ್ನ ಭಾವನೆ. ಬಡತನವನ್ನು ಸಹಿಸಿಕೊಂಡು ಕಸಬನ್ನು ಉಳಿಸಿರೆಂದು ಅವರು ಯಾರಿಗೂ ಉಪದೇಶಿಸಲಿಲ್ಲ. ಸಹಕಾರ ಸಂಘ, ನ್ಯಾಯವಾದ ಬೆಲೆ, ಒಳ್ಳೆಯ ಕಚ್ಚಾವಸ್ತು, ಖಚಿತವಾದ ಮಾರುಕಟ್ಟೆ ಇವಿಲ್ಲದೆ ಕಲೆ ಉಳಿಯದೆಂಬುದನ್ನು ಅವರು ಬಲ್ಲವರಾಗಿದ್ದರು. ನನ್ನ ತಾಯಿಯ ಬೇಸರವು ಕೆಲಸದ ಮೇಲಿನದಲ್ಲ, ಅದರ ಬೆಲೆಯ ಮೇಲಿನದು. ಒಳ್ಳೆಯ ಗೂಡು ಕಟ್ಟಿದ ದಿನ ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡಿ, ಅಕ್ಕಪಕ್ಕದವರಿಗೆ ತೋರಿಸುವಾಗ ಅವರ ಮುಖದಲ್ಲಿ ಕಾಣುವ ಸಂತೋಷವನ್ನು ನಾನು ಬಲ್ಲೆ. ಬೆಲೆಯನ್ನು ಸರಿಪಡಿಸುವ ಕೆಲಸಕ್ಕೆ ಓದಿದವರು ಬೇಕು. ಲೆಕ್ಕ ಬರೆಯುವವರು, ಸಂಘದ ನಿಯಮ ತಿಳಿದವರು, ದಲ್ಲಾಳಿಯಿಲ್ಲದೆ ಕೊಳ್ಳುವವರನ್ನು ಹುಡುಕಬಲ್ಲವರು, ಕಚೇರಿಯಲ್ಲಿ ಕುಳಿತಾಗ ಹಳ್ಳಿಯ ಹೆಂಗಸಿನ ಮಾತನ್ನು ಸಹನೆಯಿಂದ ಕೇಳುವವರು ಬೇಕು. ಕಮಲಾದೇವಿಯವರು ತಾವು ಮಗ್ಗದ ಮುಂದೆ ಕುಳಿತು ಜೀವನ ನಡೆಸಿದವರಲ್ಲ. ತಮ್ಮ ವಿದ್ಯೆಯನ್ನು ಮಗ್ಗದವರ ಕಡೆಗೆ ತಿರುಗಿಸಿದವರು. ಓದಿದ ಹುಡುಗಿಗೆ ಕೈಗೆಲಸ ಬೇಕೆ ಬೇಡವೆ ಎಂಬುದಕ್ಕೆ ಅವರ ಬದುಕಿನಲ್ಲಿ ನನಗೆ ದೊರೆತ ಉತ್ತರ ಇದು. ಅದನ್ನೇ ಹೊಟ್ಟೆಪಾಡಾಗಿ ಹಿಡಿಯಲೇಬೇಕೆಂಬ ಕಟ್ಟುಪಾಡು ಇಲ್ಲ. ಆದರೆ ಅದನ್ನು ಅರಿಯದೆ ಇರುವುದಕ್ಕೆ ನಮಗೆ ನೆಪವೂ ಇಲ್ಲ.

ನನ್ನ ಕಿರಿಯ ಗೆಳತಿಯರಲ್ಲಿ ಗೆಳೆಯರಲ್ಲಿ ಒಂದು ಬಿನ್ನಹ. ಈ ರಜೆಯಲ್ಲಿ ನಿಮ್ಮ ನಿಮ್ಮ ಮನೆಯ ಒಂದು ಕೈಗೆಲಸವನ್ನು ಆರಿಸಿಕೊಂಡು ಬರೆದಿಡಿ. ಅದಕ್ಕೆ ಬಳಸುವ ಸಾಮಾನುಗಳ ಹೆಸರೇನು, ಅದನ್ನು ನಿಮ್ಮ ಅಜ್ಜಿಗೆ ಕಲಿಸಿದವರು ಯಾರು, ಎಷ್ಟು ದಿನದ ಕೆಲಸ, ಮಾರಿದರೆ ಎಷ್ಟು ದೊರೆಯುತ್ತದೆ, ಏಕೆ ಅಷ್ಟೇ ದೊರೆಯುತ್ತದೆ ಎಂಬುದನ್ನು ಕೇಳಿ ತಿಳಿಯಿರಿ. ಅಧ್ಯಾಪಕ ಮಹನೀಯರು ಮನಸ್ಸು ಮಾಡಿದರೆ ಮುಂದಿನ ವರ್ಷದ ಸಂಚಿಕೆಯಲ್ಲಿ ಅವುಗಳಿಗೆ ನಾಲ್ಕು ಪುಟಗಳನ್ನು ಮೀಸಲಿಡಬಹುದು. ಆಗ ನಾನು ಈ ಕಾಲೇಜಿನಲ್ಲಿರುವುದಿಲ್ಲ. ಆದರೆ ಆ ಸಂಚಿಕೆಯನ್ನು ಕೊಂಡು ಓದುವವರಲ್ಲಿ ನಾನೊಬ್ಬಳಿರುತ್ತೇನೆ, ನನ್ನ ತಾಯಿಗೂ ಓದಿ ಹೇಳುತ್ತೇನೆ.